ಖಾಲಿಯಾಗದ ಏಳು ಕಪ್ಪು

ಮಹಡಿ ಮನೆಗೆ ಬಾಡಿಗೆಗೆ ಬಂದ ಬಂಗಾಳಿ ದಂಪತಿಯಿಂದ ನಮಗೆ ಮೊದಲು ತಲುಪಿದ್ದು ಸಾಸಿವೆ ಎಣ್ಣೆಯ ಘಾಟು. ಎರಡನೆಯದು ಹಾಡು. ಎರಡೂ ಇಳಿದು ಬರುತ್ತಿದ್ದದ್ದು ನಮ್ಮ ಅಡುಗೆಮನೆಯ ಒಂದೇ ಕಿಟಕಿಯಿಂದ. ಘಾಟಿಗೆಂದು ನಮ್ಮ ಮನೆಯವಳು ಕಿಟಕಿ ಮುಚ್ಚುವಳು, ಹಾಡಿಗೆಂದು ನಾನು ತೆರೆಯುವೆ. ತಿಂಗಳೊಪ್ಪತ್ತಿನಲ್ಲಿ ಕೀಲು ಸಡಿಲವಾಗಿ ಬಡಗಿಯನ್ನು ಕರೆಸಬೇಕಾಯಿತು. ಆಮೇಲೆ ಒಂದು ಒಪ್ಪಂದಕ್ಕೆ ಬಂದೆವು: ಮೇಲೆ ಬಾಣಲೆಯ ಸದ್ದು ನಿಂತ ಮೇಲೆ ಕಿಟಕಿ ನನ್ನದು.

ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ ಅಲ್ಲಿ ಹಾಡು ಶುರು. ಒಂದರ ಹಿಂದೊಂದು ಹತ್ತಾರು ಬರುತ್ತವೆ, ಅದರಲ್ಲೊಂದು ಯಾವ ವಾರವೂ ತಪ್ಪುವುದಿಲ್ಲ. ನನಗೆ ಬಂಗಾಳಿ ಬಾರದು. ಆದರೂ ಅದರಲ್ಲಿ ‘ಕಾಫಿ ಹೌಸ್’ ಎಂಬ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿತ್ತು. ನಾನು ಕೊಪ್ಪದ ಕಡೆಯವನು. ಕಾಫಿ ಎಂದರೆ ನಿದ್ದೆಯಲ್ಲೂ ಮಗ್ಗುಲು ಬದಲಿಸುವ ಜನ ನಾವು. ಇನ್ನೊಂದು ವಿಚಿತ್ರವೆಂದರೆ ಆ ಹಾಡಿನ ತುಂಬ ಹೆಸರುಗಳು. ನಿಖಿಲೇಶ, ಮೊಯಿದುಲ್, ಡಿಸೋಜಾ, ರಮಾ ರಾಯ್, ಅಮಲ, ಸುಜಾತಾ. ದೇವರ ಹೆಸರೂ ಅಲ್ಲ, ದೊರೆಗಳ ಹೆಸರೂ ಅಲ್ಲ. 31 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿ ದಿನ ಬೆಳಗಾದರೆ ಹಾಜರಿ ಕೂಗಿದವನಿಗೆ ಅದೇನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಯಾರೋ ಹಾಜರಿ ತೆಗೆದುಕೊಳ್ಳುತ್ತಿದ್ದರು. ‘ಎಸ್ ಸಾರ್’ ಅನ್ನುವವರು ಮಾತ್ರ ಇರಲಿಲ್ಲ.

ಟ್ಯಾಂಕಿನ ನೀರು ನೋಡುವ ನೆಪದಲ್ಲಿ ಒಂದು ಭಾನುವಾರ ಮೇಲೆ ಹೋದೆ. ಗಂಡನನ್ನು ದಾದಾ, ಅಂದರೆ ಅಣ್ಣ, ಹೆಂಡತಿಯನ್ನು ಬೌದಿ, ಅಂದರೆ ಅತ್ತಿಗೆ, ಎಂದೇ ನಾವು ಕರೆಯುವುದು. ದಾದಾ ಲುಂಗಿ ಉಟ್ಟು ಮಂಚದ ಮೇಲೆ ಅಂಗಾತ ಮಲಗಿದ್ದವರು ಗಡಬಡಿಸಿ ಎದ್ದರು. ಬೌದಿ ಚಹಾ ತಂದಿಟ್ಟರು. ಕಾಫಿಯ ಹಾಡಿಗೆ ಚಹಾ! ಅವರ ಮನೆಯಲ್ಲಿ ಎಲ್ಲರೂ ಹುಟ್ಟಿದಾಗಿನಿಂದ ಕುಡಿದದ್ದು ಚಹಾವೇ ಅಂತೆ. ಕಾಫಿ ಎನ್ನುವುದು ಹೊರಗೆ ಹೋಗಿ, ನಾಲ್ಕು ಜನರ ಜೊತೆ ಕೂತು, ಮಾತಿಗೆ ಅದ್ದಿಕೊಂಡು ಕುಡಿಯಬೇಕಾದ ಪದಾರ್ಥ.

‘ಮಾಸ್ಟರ್‌ಮೊಶಾಯ್, ಈ ಹಾಡಿನ ಅರ್ಥ ಬೇಕಾ?’ ಎಂದು ಕೇಳಿ ದಾದಾ ಬೆರಳು ಮಡಿಸತೊಡಗಿದರು. ಹಾಡಿದವರು ಮನ್ನಾ ಡೇ, 1983ರಲ್ಲಿ. ಬರೆದವರು ಗೌರಿಪ್ರಸನ್ನ ಮಜುಮ್ದಾರ್. ರಾಗ ಹಾಕಿದವರು ಸುಪರ್ಣಕಾಂತಿ ಘೋಷ್. ಕೋಲ್ಕತ್ತಾದ ಕಾಫಿ ಹೌಸಿನಲ್ಲಿ ಒಂದು ಮೇಜು, ಏಳು ಜನ. ನಾಲ್ಕು ಗಂಟೆಗೆ ಕೂತರೆ ಏಳೂವರೆಗೆ ಏಳುವುದು. ಬಿಸಿಲೋ ಮಳೆಯೋ, ಎಲ್ಲಿದ್ದರೂ ಕೆಲಸ ಮುಗಿಸಿಕೊಂಡು ಬಂದು ಸೇರುವುದು. ತುಟಿಯಲ್ಲಿ ಚಾರ್‌ಮಿನಾರ್ ಸಿಗರೇಟು. ಚರ್ಚೆಗೆ ಒಂದು ದಿನ ಕವಿ ಬಿಷ್ಣು ದೇ, ಇನ್ನೊಂದು ದಿನ ಚಿತ್ರಕಾರ ಜಾಮಿನಿ ರಾಯ್. ಈಗ ಅದೇನೂ ಇಲ್ಲ. ನಿಖಿಲೇಶ ಪ್ಯಾರಿಸ್ಸಿನಲ್ಲಿ, ಮೊಯಿದುಲ್ ಢಾಕಾದಲ್ಲಿ, ಇಬ್ಬರದೂ ಸುದ್ದಿಯಿಲ್ಲ. ಗ್ರ್ಯಾಂಡ್ ಹೋಟೆಲಿನಲ್ಲಿ ಗಿಟಾರ್ ನುಡಿಸುತ್ತಿದ್ದ ಗೋವಾದ ಡಿಸೋಜಾ ಗೋರಿಯಲ್ಲಿ ಮಲಗಿದ್ದಾನೆ. ಆಫೀಸಿನ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದ ರಮಾ ರಾಯ್ ಯಾರನ್ನೋ ಪ್ರೀತಿಸಿ ಪೆಟ್ಟು ತಿಂದು ಹುಚ್ಚಾಸ್ಪತ್ರೆ ಸೇರಿದ್ದಾಳೆ. ಹೆಗಲಿಗೆ ಜೋಳಿಗೆ ಹಾಕಿಕೊಂಡು ಕವಿಯ ಕಳೆಯಲ್ಲಿ ಓಡಾಡುತ್ತಿದ್ದ ಅಮಲನ ಒಂದೇ ಒಂದು ಕವಿತೆಯೂ ಎಲ್ಲೂ ಅಚ್ಚಾಗಲಿಲ್ಲ, ಅವನಿಗೀಗ ಕ್ಯಾನ್ಸರ್. ಇಲ್ಲಿಗೆ ಬಂದಾಗ ದಾದಾ ಬೆರಳು ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಸುಜಾತಾ. ಅವಳೊಬ್ಬಳೇ ಸುಖವಾಗಿರುವವಳು. ಲಕ್ಷಾಧೀಶ ಗಂಡ, ಮೈತುಂಬ ವಜ್ರ, ಕಾರು, ಮನೆ.

‘ಆರೇ ಆಯಿತಲ್ಲ?’ ಎಂದೆ. ಏಳನೆಯವನು ಹಾಡುತ್ತಿರುವವನೇ. ಹಾಜರಿ ಕೂಗುವ ಮೇಷ್ಟ್ರು ತನ್ನ ಹೆಸರನ್ನು ತಾನೇ ಕೂಗಿಕೊಳ್ಳುವುದಿಲ್ಲ ಎಂಬುದು ನನಗೆ ಹೊಳೆಯಬೇಕಿತ್ತು.

ಕೆಳಗೆ ಬಂದು ಯೋಚಿಸಿದೆ. ಅಲ್ಲ, ಈ ಹಾಡಿನಲ್ಲಿ ಇರುವುದಾದರೂ ಏನು? ಹೊನ್ನಿನ ಮಧ್ಯಾಹ್ನಗಳು ಎಂಬ ಒಂದು ಮಾತನ್ನು ಬಿಟ್ಟರೆ ಕೊನೆಯ ಚರಣದವರೆಗೂ ಹೇಳಿಕೊಳ್ಳುವಂಥ ಅಲಂಕಾರವೇ ಇಲ್ಲ. ಯಾರು, ಎಲ್ಲಿ, ಏನು ಮಾಡುತ್ತಿದ್ದ, ಈಗ ಹೇಗಿದ್ದಾನೆ. ಸೆನ್ಸಸ್ಸಿನವರ ಪಟ್ಟಿ. ಹತ್ತನೇ ತರಗತಿಯ ಹುಡುಗನೊಬ್ಬ ‘ನನ್ನ ಗೆಳೆಯರು’ ಎಂಬ ಪ್ರಬಂಧವನ್ನು ಹೀಗೆ ಬರೆದಿದ್ದರೆ ನಾನು ಹತ್ತಕ್ಕೆ ಐದು ಹಾಕಿ, ‘ಭಾವನೆಗಳನ್ನು ವಿಸ್ತರಿಸು’ ಎಂದು ಕೆಂಪು ಶಾಯಿಯಲ್ಲಿ ಗೀಚುತ್ತಿದ್ದೆ. ಪುಣ್ಯಕ್ಕೆ ಗೌರಿಪ್ರಸನ್ನರು ನನ್ನ ಶಾಲೆಯಲ್ಲಿ ಓದಲಿಲ್ಲ. 2006ರಲ್ಲಿ ಬಿಬಿಸಿಯ ಬಂಗಾಳಿ ವಿಭಾಗ ಅತ್ಯುತ್ತಮ ಬಂಗಾಳಿ ಹಾಡು ಯಾವುದೆಂದು ಕೇಳುಗರನ್ನು ಕೇಳಿತ್ತು. ಮೊದಲನೆಯದು ಬಾಂಗ್ಲಾದೇಶದ ರಾಷ್ಟ್ರಗೀತೆ. ಭಾಷೆಗಾಗಿ ಪ್ರಾಣ ಕೊಟ್ಟವರ ಹಾಡು ಮೂರನೆಯದು. ಅಂಥವರ ಪಂಕ್ತಿಯಲ್ಲಿ, ಮೊದಲ ಐದರೊಳಗೆ, ಕೆಲಸವಿಲ್ಲದೆ ಮೂರೂವರೆ ಗಂಟೆ ಕಾಫಿ ಕುಡಿದವರ ಈ ಹಾಡೂ ಕೂತಿದೆ!

‘ಕೆಲಸವಿಲ್ಲದೆ’ ಎಂದರೆ ದಾದಾ ಒಪ್ಪುವುದಿಲ್ಲ. ಅದು ‘ಆಡ್ಡಾ’. ನಮ್ಮಲ್ಲೂ ಈ ಶಬ್ದ ಇದೆ, ಆದರೆ ಬಂದು ಸೇರಿದ್ದು ಕ್ರೈಂ ಪುಟಕ್ಕೆ: ‘ಇಸ್ಪೀಟು ಅಡ್ಡೆ ಮೇಲೆ ಪೊಲೀಸರ ದಾಳಿ, ಏಳು ಮಂದಿ ಬಂಧನ’. ಅವರಲ್ಲಿ ಅದೇ ಏಳು ಮಂದಿ ಹಾಡಾದರು. ನಮ್ಮ ಹರಟೆಗೆ, ಅರಳಿಕಟ್ಟೆಗೆ ಒಂದು ಬಿಡುಬೀಸು ಇದೆ. ಬಂದವನು ಬಂದ, ಹೋದವನು ಹೋದ. ಅವರ ಆಡ್ಡಾಕ್ಕೆ ಹೊತ್ತು ಗೊತ್ತು ಇದೆ, ಜಾಗ ಗೊತ್ತಿದೆ, ಜನ ಗೊತ್ತಿದೆ. ಹೀಗಿರುವುದರಿಂದಲೇ ಯಾರು ಬರಲಿಲ್ಲ ಎಂಬುದೂ ಗೊತ್ತಾಗುತ್ತದೆ.

ಆ ಕಾಫಿ ಹೌಸು ಇರುವುದು ಕಾಲೇಜ್ ಸ್ಟ್ರೀಟಿನ ಹಳೆಯ ಆಲ್ಬರ್ಟ್ ಹಾಲಿನಲ್ಲಿ. 1942ರಲ್ಲಿ ಕಾಫಿ ಮಂಡಳಿ ಅಲ್ಲಿ ಅಂಗಡಿ ತೆರೆಯಿತು. 1958ರಲ್ಲಿ ಬಾಗಿಲು ಹಾಕಿದಾಗ ಪ್ರೆಸಿಡೆನ್ಸಿ ಕಾಲೇಜಿನ, ವಿಶ್ವವಿದ್ಯಾಲಯದ ಪ್ರೊಫೆಸರುಗಳು ಸರ್ಕಾರಕ್ಕೆ ಅರ್ಜಿ ಬರೆದು ತೆರೆಸಿದರು. ಕಾಫಿಗಾಗಿ ಪ್ರೊಫೆಸರುಗಳು ಅರ್ಜಿ ಗುಜರಾಯಿಸಿದ ಊರು! ಕಾಫಿ ಮಂಡಳಿಯ ಕೇಂದ್ರ ಕಚೇರಿ ಇರುವುದು ನಮ್ಮ ಬೆಂಗಳೂರಿನಲ್ಲಿ. ದೇಶದ ಕಾಫಿಯಲ್ಲಿ ಹತ್ತಕ್ಕೆ ಏಳು ಪಾಲು ಬೆಳೆಯುವುದು ಕರ್ನಾಟಕದಲ್ಲಿ. ಆ ಲೆಕ್ಕದಲ್ಲಿ ಮೇಜಿನ ಮೇಲಿದ್ದ ಏಳು ಕಪ್ಪಿನಲ್ಲಿ ಹೆಚ್ಚುಕಡಿಮೆ ಐದು ನಮ್ಮವು ಎಂದು ದಾದಾರಿಗೆ ಹೇಳಿದೆ. ಅವರು ಗಂಭೀರವಾಗಿ ಯೋಚಿಸಿ, ‘ಡಿಸೋಜಾನ ಕಪ್ಪು ಖಂಡಿತ ನಿಮ್ಮದು’ ಎಂದರು. ಯಾಕೆಂದು ಹೇಳಲಿಲ್ಲ. ಅವನು ಹಾಡಿನುದ್ದಕ್ಕೂ ಮಾತಾಡದೆ, ಕಣ್ಣಲ್ಲೇ ಮಾತು ತುಂಬಿಕೊಂಡು, ಸುಮ್ಮನೆ ಕೇಳುತ್ತ ಕೂರುವವನು. ಬಹುಶಃ ನನ್ನ ಬಂಗಾಳಿಯ ಮೇಲೆ ಟೀಕೆ ಇರಬೇಕು.

ಕೊನೆಯ ಚರಣದ್ದೇ ಒಂದು ಕತೆ. ಸಂಗೀತ ಮಾಡಿದವರೇ ಹೇಳಿಕೊಂಡದ್ದು. ಗೌರಿಪ್ರಸನ್ನರಿಗೆ ಅದನ್ನು ಬರೆಯುವ ಮನಸ್ಸಿರಲಿಲ್ಲ, ಇಷ್ಟೇ ಸಾಕು ಎಂದಿದ್ದರು. ಸುಪರ್ಣಕಾಂತಿ ಬಿಡಲಿಲ್ಲ. ಕಡೆಗೆ ಚಿಕಿತ್ಸೆಗೆಂದು ಮದರಾಸಿಗೆ ಹೊರಟವರು ಹೌರಾ ಸ್ಟೇಷನ್ನಿನಲ್ಲಿ ಸಿಗರೇಟು ಪ್ಯಾಕಿನ ಹಿಂಭಾಗದಲ್ಲಿ ಗೀಚಿ ಯಾರದೋ ಕೈಯಲ್ಲಿ ಕಳಿಸಿದರಂತೆ. ಆ ಏಳು ಜನ ಇಂದಿಲ್ಲ, ಮೇಜು ಇದೆ, ಏಳು ಕಪ್ಪು ಇಂದೂ ಖಾಲಿಯಿಲ್ಲ. ಅದೇ ತೋಟಕ್ಕೆ ಹೊಸ ಮೊಗ್ಗು ಬಂದಿದೆ, ಅಂದಿನ ಮಾಲಿ ಇಲ್ಲ ಎಂಬ ಮಾತು ಬರುವುದು ಅಲ್ಲೇ. ಅಮಲನಿಗೆ ಕ್ಯಾನ್ಸರ್ ಬರೆದ ಕೈಗೂ ಕಾಯಿಲೆ ಬಿದ್ದಿತ್ತು. 1986ರಲ್ಲಿ ತೀರಿಕೊಂಡರು. ವರ್ಷಗಳ ಮೇಲೆ ಇದರ ಮುಂದಿನ ಭಾಗವೆಂದು ಇನ್ನೊಂದು ಹಾಡು ಬಂತು, ಅದೇ ಸಂಗೀತಗಾರ, ಅದೇ ಗಾಯಕ. ಅದನ್ನು ನಮ್ಮ ಮಹಡಿಯಲ್ಲಿ ಒಂದು ಸಲವೂ ಕೇಳಿಲ್ಲ. ಒಂದೇ ತರಗತಿಗೆ ಒಂದೇ ದಿನ ಎರಡು ಸಲ ಹಾಜರಿ ಕೂಗಿದರೆ ಹುಡುಗರು ನಗುತ್ತಾರೆ.

ಇದೇ ಗೌರಿಪ್ರಸನ್ನರು 1961ರಲ್ಲಿ ‘ಸಪ್ತಪದಿ’ ಸಿನಿಮಾಕ್ಕೆ, ಈ ದಾರಿ ಮುಗಿಯದೇ ಹೋದರೆ ಹೇಗಿರುತ್ತಿತ್ತು ಹೇಳು ಎಂಬ ಹಾಡು ಬರೆದಿದ್ದರು. ಉತ್ತಮ್ ಕುಮಾರ್ ಮೋಟರ್ ಸೈಕಲ್ ಓಡಿಸುತ್ತಾನೆ, ಸುಚಿತ್ರಾ ಸೇನ್ ಹಿಂದೆ ಕೂತಿದ್ದಾಳೆ, ಕೊರಳು ಹೇಮಂತ ಮುಖರ್ಜಿ ಮತ್ತು ಸಂಧ್ಯಾ ಮುಖರ್ಜಿಯವರದು. ಬೌದಿಗೆ ಇದು ಪ್ರಾಣ. ಈ ಹಾಡು ಬಂದಾಗ ದಾದಾ ಪಾತ್ರೆ ತೊಳೆಯಲು ಎದ್ದು ಹೋಗುತ್ತಾರೆ. ಗಂಡಸರಿಗೆ ಉತ್ತಮ್ ಕುಮಾರನೊಂದಿಗೆ ಸ್ಪರ್ಧೆ ಕಷ್ಟ ಅಂತ ಬೌದಿಯೇ ನಮ್ಮ ಮನೆಯವಳಿಗೆ ಹೇಳಿದ್ದು.

ಉತ್ತಮ್ ಕುಮಾರನೂ ಒಂದು ಸಲ ಸೋತಿದ್ದಾನೆ. ಮಹಾಲಯ ಅಮಾವಾಸ್ಯೆಯ ದಿನ ಬೆಳಗಿನ ಜಾವ ನಾಲ್ಕಕ್ಕೆ ಆಕಾಶವಾಣಿಯಲ್ಲಿ ಬೀರೇಂದ್ರಕೃಷ್ಣ ಭದ್ರರ ಕಂಠದಲ್ಲಿ ‘ಮಹಿಷಾಸುರಮರ್ದಿನಿ’ ಬರುತ್ತದೆ, ನಡುನಡುವೆ ಪಂಕಜ್ ಮಲ್ಲಿಕ್ ರಾಗ ಹಾಕಿದ ಹಾಡುಗಳು. 1930ರ ದಶಕದಿಂದ ನಡೆದು ಬಂದದ್ದು. 1976ರಲ್ಲಿ ಆಕಾಶವಾಣಿಯವರು ಭದ್ರರ ಜಾಗದಲ್ಲಿ ಉತ್ತಮ್ ಕುಮಾರನನ್ನು ಕೂರಿಸಿದರು. ಜನ ರೊಚ್ಚಿಗೆದ್ದರು. ಹಳೆಯದನ್ನೇ ಮತ್ತೆ ಹಾಕಬೇಕಾಯಿತು. ಪಾಠ ಚೆನ್ನಾಗಿಯೇ ಮಾಡಿದರೂ ಬದಲಿ ಮೇಷ್ಟ್ರು ಬದಲಿ ಮೇಷ್ಟ್ರೇ.

ನನ್ನನ್ನು ನಿಜಕ್ಕೂ ಅಲುಗಾಡಿಸಿದ ಹಾಡು ಬೇರೆ. ದಾದಾರ ತಂದೆಯ ಕಾಲದ್ದು. ಸಲಿಲ್ ಚೌಧುರಿ ಬರೆದು ರಾಗ ಹಾಕಿ, ಹೇಮಂತ ಮುಖರ್ಜಿ ಹಾಡಿ 1949ರಲ್ಲಿ ಬಂದ ‘ಗಾಂಯೇರ್ ಬೊಧು’, ಹಳ್ಳಿಯ ಸೊಸೆಯ ಕತೆ. ಆಗಿನ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಈ ಹಾಡು ಅದರಲ್ಲಿ ಹಿಡಿಸಲಿಲ್ಲ, ಎರಡೂ ಮಗ್ಗುಲು ಬೇಕಾಯಿತು. ಮೊದಲಿಗೆ ತುಂಬಿದ ಮನೆ, ಬೆಳೆದು ನಿಂತ ಪೈರು, ಹೊಳೆ, ಸಂಜೆದೀಪ. ಆಮೇಲೆ 1943ರ ಬಂಗಾಳದ ಬರ. ಕೇಳುತ್ತ ಕೂತವನು ಎದ್ದು ಹೋಗಿ, ಮುಳ್ಳು ಎತ್ತಿ, ಪ್ಲೇಟನ್ನು ತನ್ನ ಕೈಯಿಂದಲೇ ಮಗುಚಿ ಹಾಕಬೇಕು. ಮಗುಚದಿದ್ದರೆ ಸೊಸೆ ಸುಖವಾಗಿಯೇ ಇರುತ್ತಾಳೆ. ದಾದಾರ ಅಜ್ಜಿ ಮಗುಚಲು ಬಿಡುತ್ತಿರಲಿಲ್ಲವಂತೆ. ಬರ ಕಂಡವರು ಅವರು. ‘ಇಷ್ಟು ಸಾಕು, ಎತ್ತಿಡಿ’ ಎಂದು ಎದ್ದುಬಿಡುತ್ತಿದ್ದರಂತೆ. ಈಗ ಫೋನಿನಲ್ಲಿ ಎರಡೂ ಮಗ್ಗುಲು ತಡೆಯಿಲ್ಲದೆ ಒಂದರ ಹಿಂದೊಂದು ಓಡುತ್ತವೆ. ಅಜ್ಜಿಯಂಥವರಿಗೆ ಎದ್ದು ಹೋಗಲು ಸಂದೇ ಇಲ್ಲ.

ಸಲಿಲ್ ಚೌಧುರಿ ನಮಗೂ ಪರಕೀಯರಲ್ಲ. ಬಾಲು ಮಹೇಂದ್ರರ ಮೊದಲ ಚಿತ್ರ, 1977ರ ನಮ್ಮ ‘ಕೋಕಿಲ’ಕ್ಕೆ ಸಂಗೀತ ಅವರದೇ. ಮನ್ನಾ ಡೇ ಅಂತೂ ಕೊನೆಗಾಲವನ್ನು ಕಳೆದದ್ದೇ ಬೆಂಗಳೂರಿನ ಕಲ್ಯಾಣನಗರದಲ್ಲಿ. 2013ರ ಅಕ್ಟೋಬರ್ 24ರಂದು ತೀರಿಕೊಂಡದ್ದೂ ಇದೇ ಊರಿನಲ್ಲಿ, 94ನೇ ವಯಸ್ಸಿನಲ್ಲಿ. ಅಷ್ಟು ವರ್ಷ ನಾನೂ ಅದೇ ಊರಿನ ಅದೇ ಟ್ರಾಫಿಕ್ಕಿನಲ್ಲಿ ತರಕಾರಿ ಚೀಲ ಹಿಡಿದುಕೊಂಡು ನಿಂತಿದ್ದೆ. ಮರುದಿನ ಪೇಪರಿನಲ್ಲಿ ಓದಿದಾಗ ‘ಓ, ಇಲ್ಲೇ ಇದ್ದರಾ’ ಎಂದು ಮುಂದಿನ ಪುಟಕ್ಕೆ ಹೋದೆ. ಆಗಿನ್ನೂ ದಾದಾ ನಮ್ಮ ಮಹಡಿಗೆ ಬಂದಿರಲಿಲ್ಲ.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ನಾನೂ ಏನಾದರೂ ಕೊಡಬೇಕಲ್ಲ. ಕಾರವಾರದ ಕತೆ ಹೇಳಿದೆ. 1883ರಲ್ಲಿ, ಇಪ್ಪತ್ತೆರಡರ ಹುಡುಗ ರವೀಂದ್ರನಾಥ ಟಾಗೋರರು ಅಲ್ಲಿ ಜಿಲ್ಲಾ ಜಡ್ಜಿಯಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿದ್ದರು. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿ, ಮರಳ ಮೇಲೆ ನಡೆದುಕೊಂಡು ಬಂದದ್ದನ್ನು ಅವರೇ ಬರೆದಿದ್ದಾರೆ. ದಾದಾ ತಲೆದೂಗಿ, ‘ಅದು ನನಗೆ ಗೊತ್ತು. ನಿಮಗೆ ಇದು ಗೊತ್ತಾ?’ ಎಂದು ಒಂದು ಹಾಡು ಹಾಕಿದರು. ‘ಬೊರೊ ಆಶಾ ಕೊರೆ ಎಶೇಛಿ ಗೋ.’ ಬಹಳ ಆಸೆಯಿಂದ ಬಂದಿದ್ದೇನೆ, ಹತ್ತಿರ ಕರೆದುಕೋ, ತಿರುಗಿಸಿ ಕಳಿಸಬೇಡ ತಾಯೀ ಎಂಬ ಪ್ರಾರ್ಥನೆ. ಟಾಗೋರರು ಎರಡು ಸಾವಿರಕ್ಕೂ ಹೆಚ್ಚು ಹಾಡು ಕಟ್ಟಿದವರು. ಕೆಲವಕ್ಕೆ ಬೇರೆ ಬೇರೆ ನಾಡಿನ ಧಾಟಿಗಳನ್ನು ತೆಗೆದುಕೊಂಡರು. ಈ ಹಾಡಿನ ಮೂಲ ಒಂದು ಕನ್ನಡ ಹಾಡು, ‘ಸಖೀ ಬಾ ಬಾ’, ಎಂದು ರವೀಂದ್ರಸಂಗೀತದವರು ಪಟ್ಟಿಯಲ್ಲಿ ಬರೆದಿಟ್ಟುಕೊಂಡಿದ್ದಾರೆ.

ಕನ್ನಡ ಮೇಷ್ಟ್ರು ನಾನು. ‘ಸಖೀ ಬಾ ಬಾ’ ನನಗೆ ಗೊತ್ತಿಲ್ಲ. ಸುಗಮ ಸಂಗೀತ ಕಲಿಸುವ ಪರಿಚಯದವರೊಬ್ಬರಿಗೆ ಫೋನು ಮಾಡಿದೆ, ಅವರಿಗೂ ಗೊತ್ತಿಲ್ಲ. ಉತ್ತರ ಕನ್ನಡದಲ್ಲಿ ಯಕ್ಷಗಾನದ ಪದ ಹೇಳುವ ಹಳೆಯ ಶಿಷ್ಯನನ್ನು ಕೇಳಿದೆ. ‘ಯಾವ ಪ್ರಸಂಗದ್ದು ಸಾರ್?’ ಎಂದ. ಆ ಸಖಿಯನ್ನು ಕರೆದವರು ಯಾರು, ಅವಳು ಬಂದಳೋ ಇಲ್ಲವೋ. ಕರೆದ ಧಾಟಿ ಮಾತ್ರ ಬಂಗಾಳಕ್ಕೆ ಹೋಗಿ ತಾಯಿಯ ಬಾಗಿಲಲ್ಲಿ ನಿಂತುಕೊಂಡಿದೆ. ದಾದಾರ ಮನೆಯಲ್ಲಿ ಕೂತು ಅದನ್ನು ಕೇಳುವಾಗ ನನಗೆ ಒಂದು ತರಹ ಮುಜುಗರವಾಯಿತು. ನಮ್ಮ ಮನೆಯ ಹುಡುಗಿಯನ್ನು ಬೇರೆಯವರ ಮದುವೆಯಲ್ಲಿ ನೋಡಿ, ಹೆಸರು ನೆನಪಾಗದೆ ‘ಚೆನ್ನಾಗಿದ್ದೀಯಾ’ ಎಂದಷ್ಟೇ ಕೇಳಿದ ಹಾಗೆ.

ಅಂದು ರಾತ್ರಿ ಊಟಕ್ಕೆ ಕೂತಾಗ ಇವಳಿಗೆ ಕಾಫಿ ಹೌಸಿನ ಹಾಡನ್ನು ಪೂರ್ತಿ ಹೇಳಿದೆ. ಹೇಳುತ್ತ ಹೇಳುತ್ತ ಅದು ಎಲ್ಲಿಂದಲೋ ನಮ್ಮೂರ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಹೊರಳಿಕೊಂಡಿತು. ನಮ್ಮದೂ ಒಂದು ಮೂಲೆ ಮೇಜಿತ್ತು. ಶಾಲೆ ಬಿಟ್ಟ ಮೇಲೆ ನಾಲ್ಕು ಜನ, ಎರಡು ಬೈ-ಟು. ಪಿ.ಟಿ. ಮೇಷ್ಟ್ರು, ಎಲ್ಲರಿಗಿಂತ ಗಟ್ಟಿಮುಟ್ಟು, ಎಲ್ಲರಿಗಿಂತ ಮೊದಲು ಹೋದರು. ವಿಜ್ಞಾನದವರು ಡಲ್ಲಾಸಿನಲ್ಲಿ ಮಗನ ಮನೆಯಲ್ಲಿದ್ದಾರೆ, ದಿನಾ ಬೆಳಿಗ್ಗೆ ಹೂವಿನ ಚಿತ್ರದ ಮೇಲೆ ‘ಶುಭೋದಯ’ ಕಳಿಸುತ್ತಾರೆ, ಅದರಾಚೆ ಒಂದು ಅಕ್ಷರವಿಲ್ಲ. ಡ್ರಾಯಿಂಗ್ ಮೇಷ್ಟ್ರು ಅಂಗಡಿ ಬೋರ್ಡು, ಚುನಾವಣೆಯಲ್ಲಿ ಗೋಡೆ ಬರೆಯುತ್ತಿದ್ದರು. ಅವರಿಗೂ ನನಗೂ ಒಂದು ವರ್ಗಾವಣೆಯ ವಿಷಯದಲ್ಲಿ ಮಾತು ಬಿಟ್ಟಿತು. ಯಾರ ತಪ್ಪೆಂದು ಈಗ ಇಬ್ಬರಿಗೂ ಮರೆತಿರಬೇಕು. ಸಂಬಳದ ದಿನ ಮಾತ್ರ ಮಸಾಲೆದೋಸೆಗೆ ಗಣಿತದ ಟೀಚರೂ ಬರುತ್ತಿದ್ದರು. ಬಿಲ್ಲನ್ನು ಐದು ಭಾಗ ಮಾಡಿ ಪೈಸೆ ಉಳಿಯದ ಹಾಗೆ ಹಂಚುವ ಕೆಲಸ ಅವರದು. ಮದುವೆಯಾಗಿ ಮುಂಬಯಿಗೆ ಹೋದರು.

‘ಅವರೊಬ್ಬರು ನೋಡು, ಸುಖವಾಗಿದ್ದಾರೆ’ ಎಂದೆ.

ಇವಳು ಅನ್ನ ಬಡಿಸುತ್ತಿದ್ದ ಕೈ ನಿಲ್ಲಿಸಿದಳು. ‘ರೀ, ಆ ಹಾಡಿನಲ್ಲಿ ಸುಜಾತಾ ಸುಖವಾಗಿದ್ದಾಳೆ ಅಂತ ಯಾರು ಹೇಳಿದ್ದು?’

‘ಹಾಡಿನಲ್ಲೇ ಇದೆಯಲ್ಲ.’

‘ಸರಿಯಾಗಿ ಕೇಳಿಕೊಂಡು ಬನ್ನಿ. ಹೋಗಿ ನೋಡಿಬಂದರಾ, ಇ‍ಲ್ಲ ಯಾರೋ ಅಂದದ್ದಾ?’

ಮರುದಿನ ಮೆಟ್ಟಿಲ ಮೇಲೆ ಸಿಕ್ಕ ದಾದಾರನ್ನು ಕೇಳಿದೆ. ಅವರು ಆ ಸಾಲನ್ನು ಬಾಯಲ್ಲೇ ಗುನುಗಿ ನೋಡಿದರು. ಇನ್ನೊಂದು ಸಲ ಗುನುಗಿದರು. ‘ಶುನೇಛಿ’ ಎಂದಿದೆ, ಮಾಸ್ಟರ್‌ಮೊಶಾಯ್. ಕೇಳಿದ್ದೇನೆ, ಅಂತ. ಗಂಡ ಲಕ್ಷಾಧೀಶ ಎಂದು ಕೇಳಿದ್ದೇನೆ. ಅಷ್ಟೇ. ಹುಡುಗನಾಗಿದ್ದಾಗಿನಿಂದ ಈ ಹಾಡು ಕೇಳಿದವರು ಅದನ್ನು ಹೊಸದಾಗಿ ಓದುವವರ ಹಾಗೆ ಮೆಟ್ಟಿಲ ಮೇಲೇ ನಿಂತರು. ‘ಬೌದಿಯನ್ನು ಕೇಳುತ್ತೇನೆ’ ಎಂದು ಮೇಲೆ ಹೋದರು.

ಹಾಜರಿಯಲ್ಲಿ ಮೇಷ್ಟ್ರುಗಳು ಮಾಡುವ ಒಂದು ಕಳ್ಳತನವಿದೆ. ಜಾಣ ಹುಡುಗಿಯರ ಹೆಸರು ಬಂದಾಗ ತಲೆ ಎತ್ತಿ ನೋಡುವುದಿಲ್ಲ. ಬಂದೇ ಇರುತ್ತಾಳೆ ಎಂದು ಹಾಕಿಕೊಂಡು ಮುಂದಿನ ಹೆಸರಿಗೆ ಹೋಗುತ್ತೇವೆ.

ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ನಿವೃತ್ತಿಯ ದಿನ ಹೊದಿಸಿದ ಶಾಲು, ಹರಿದ ಹಳಗನ್ನಡ ನಿಘಂಟು, ಅದರ ಕೆಳಗೆ ಪತ್ರಗಳ ಕಟ್ಟು. ಗಣಿತದ ಟೀಚರು ಮುಂಬಯಿಗೆ ಹೋದ ಮೂರನೇ ವರ್ಷ ಬರೆದ ಒಂದು ಇನ್‌ಲ್ಯಾಂಡ್ ಲೆಟರು ಇತ್ತು. ಮನೆಯಲ್ಲಿ ಎಲ್ಲರೂ ಕ್ಷೇಮ ಎಂಬ ಒಂದು ಸಾಲು ಬಿಟ್ಟರೆ ತಮ್ಮ ವಿಷಯ ಅವರು ಏನೂ ಬರೆದಿರಲಿಲ್ಲ. ಸಂಬಳದ ದಿನದ ದೋಸೆ ಈಗಲೂ ಇದೆಯೇ, ಬಿಲ್ಲು ಹಂಚುವವರು ಯಾರು ಎಂದು ಕೇಳಿದ್ದರು. ಕೆಳಗೆ ಒಂದರ ಕೆಳಗೊಂದರಂತೆ ನಮ್ಮ ಹೆಸರುಗಳನ್ನು ನಂಬರು ಹಾಕಿ ಬರೆದು, ಪ್ರತಿಯೊಂದರ ಮುಂದೆಯೂ ‘ಹೇಗಿದ್ದಾರೆ?’ ಎಂದಿತ್ತು. ನಾಲ್ಕನೆಯ ಹೆಸರು ನನ್ನದು. ನಾನು ಉತ್ತರ ಬರೆದ ನೆನಪಿಲ್ಲ.

ಇವಳು ಕೈ ಒರೆಸಿಕೊಂಡು ಬಂದು ಓದಿದಳು. ಮಡಿಕೆ ಇದ್ದ ಹಾಗೇ ಮಡಿಸಿ ನನ್ನ ಕೈಗಿಟ್ಟಳು. ಮೇಲೆ ಬಾಣಲೆ ಚುಂಯ್ ಎಂದಿತು, ಸಾಸಿವೆ ಎಣ್ಣೆಯ ಘಾಟು ಮನೆ ತುಂಬ ಇಳಿಯಿತು. ಕಿಟಕಿಯ ಹತ್ತಿರವೇ ನಿಂತಿದ್ದರೂ ಅವಳು ಅದನ್ನು ಮುಚ್ಚಲಿಲ್ಲ.